ಮೂವರು ಕಂಡ ಹಕ್ಕಿ

ಸೇತುರಾಮ ಸಮುದ್ರವನ್ನು ಕಣ್ಣಾರೆ ಕಂಡವನಲ್ಲ. ಯಶವಂತಪುರದ ಬಾಡಿಗೆ ಮನೆ, ಸರ್ಕಾರಿ ಕಚೇರಿಯೊಂದರ ಮೂಲೆಯ ಮೇಜು, ಇವೆರಡರ ನಡುವಿನ ಬಸ್ಸು, ಇಷ್ಟರಲ್ಲೇ ಅವನ ನಲವತ್ತಾರು ವರ್ಷ ಸವೆದುಹೋಗಿದ್ದವು. ಮದುವೆಯಾದ ಹೊಸತರಲ್ಲಿ ಹೆಂಡತಿ ಕೃಷ್ಣವೇಣಿಗೆ ರಾಮೇಶ್ವರ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಇಪ್ಪತ್ತು ವರ್ಷವಾದರೂ ಆ ಮಾತು ಹೊಚ್ಚ ಹೊಸದಾಗಿಯೇ ಇತ್ತು. ಬಳಸಿದರೆ ತಾನೇ ಹಳತಾಗುವುದು! ಆದರೆ ಸಮುದ್ರದ ಹಕ್ಕಿಗಳ ವಿಷಯ ಕೇಳಿ ನೋಡಿ. ಯಾವುದರ ಕೊಕ್ಕು ಎಷ್ಟು ಅಂಗುಲ, ಯಾವುದರ ಬಾಲ ಎಷ್ಟು ಸೀಳು, ಎಲ್ಲವೂ ಬಾಯಿಪಾಠ.

ಇದಕ್ಕೆ ಕಾರಣ, ಅವನು ಯಶವಂತಪುರ ಖಗವೀಕ್ಷಣಾ ಮಂಡಳಿಯ ಕಾರ್ಯದರ್ಶಿಯಾಗಿದ್ದ. ಒಂಬತ್ತು ವರ್ಷದಿಂದ. ಮಂಡಳಿಯಲ್ಲಿ ಒಟ್ಟು ಏಳು ಜನ. ಅವರಲ್ಲಿ ನಾಲ್ವರು ತಿಂಗಳ ಮೊದಲ ಭಾನುವಾರ ಅಧ್ಯಕ್ಷರ ಜಗಲಿಯಲ್ಲಿ ಕೇಸರಿಭಾತನ್ನು ವೀಕ್ಷಿಸುವುದಕ್ಕಷ್ಟೇ ಬರುತ್ತಿದ್ದವರು. ಅಧ್ಯಕ್ಷರು ಕೃಷ್ಣಯ್ಯನವರು, ನಿವೃತ್ತ ಎಂಜಿನಿಯರು. ದುರ್ಬೀನು ಅವರದು, ಮಾರಿಸ್ ಕಾರು ಅವರದು, ಕೇಸರಿಭಾತು ಅವರದು. ಆದ್ದರಿಂದ ಪಕ್ಷಿಜ್ಞಾನವೂ ಅವರದೇ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಸೇತುರಾಮನದು ಎಂದು ಇದ್ದದ್ದು ಬರವಣಿಗೆ ಒಂದೇ. ಮುತ್ತು ಪೋಣಿಸಿದಂಥ ಅಕ್ಷರ. ಮಂಡಳಿಯ ದಾಖಲೆ ಪುಸ್ತಕದಲ್ಲಿ ಇಂಥ ಹೊಸ ಹಕ್ಕಿ, ಇಂಥ ಕೆರೆ, ಕಂಡವರು ಇಂಥವರು ಎಂದು ಬರೆಯುವುದು ಅವನ ಕೆಲಸ. ಇಪ್ಪತ್ತಮೂರು ಹಕ್ಕಿಗಳನ್ನು ಬರೆದಿದ್ದ. ಇಪ್ಪತ್ತಮೂರರಲ್ಲಿ ಒಂದರ ಮುಂದೆಯೂ ಅವನ ಹೆಸರಿಲ್ಲ! ಊರವರ ಹೆಸರನ್ನೆಲ್ಲ ಬರೆದು ಬರೆದು ಹೊಟ್ಟೆ ಉರಿದುಹೋಗಿತ್ತು. ಬಡ್ತಿ ಬೇಡ, ಸ್ವಂತ ಮನೆ ಬೇಡ, ಆ ಪುಸ್ತಕದಲ್ಲಿ 'ಕಂಡವರು: ಸೇತುರಾಮ' ಎಂಬ ಒಂದು ಸಾಲು ಬಿದ್ದರೆ ಜನ್ಮ ಸಾರ್ಥಕ ಎನ್ನುವ ಮಟ್ಟಕ್ಕೆ ಬಂದಿದ್ದ.

ಅದಕ್ಕೆ ಅಡ್ಡ ನಿಂತಿದ್ದು ಹದಿನಾಲ್ಕನೇ ನಿಯಮ. ಎರಡು ವರ್ಷದ ಹಿಂದೆ ಕೃಷ್ಣಯ್ಯನವರು ಸಂಜೆಯ ಕಾಫಿ ಹೀರುತ್ತಾ ತಮ್ಮ ಮನೆಯ ತಾರಸಿಯಿಂದ ಒಂಟಿಯಾಗಿ ಒಂದು ರಾಜಹಂಸವನ್ನು ಕಂಡರು. "ನಾನ್ ನೋಡ್ದೆ, ಬರ್ಕೊಳ್ರೀ" ಎಂದರು. ಸೇತುರಾಮ ಬರೆದುಕೊಂಡ. ಬರೆದುಕೊಂಡು, ಮಾರನೆಯ ದಿನವೇ ಕಚೇರಿಯ ಕಾಗದದಲ್ಲಿ ಒಂದು ನಿಯಮ ರಚಿಸಿದ: 'ಮಂಡಳಿಯ ಮೂವರು ಸದಸ್ಯರು ಒಂದೇ ವೇಳೆ, ಒಂದೇ ಸ್ಥಳದಲ್ಲಿ ಕಣ್ಣಾರೆ ಕಂಡ ಹೊರತು ಯಾವ ಹೊಸ ಹಕ್ಕಿಯನ್ನೂ ದಾಖಲಿಸತಕ್ಕದ್ದಲ್ಲ.' ಕೃಷ್ಣಯ್ಯನವರು ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓದದೆ ರುಜು ಹಾಕಿದರು. ಅವರ ತಾರಸಿಯ ಹಕ್ಕಿಗಳೇನೋ ನಿಂತವು. ಆದರೆ ಮಂಡಳಿಯ ಮೂವರು ಜಗಲಿ ಬಿಟ್ಟು ಬೇರೆಲ್ಲೂ ಒಟ್ಟಿಗೆ ನಿಂತದ್ದೇ ಇಲ್ಲವಾದ್ದರಿಂದ, ಎರಡು ವರ್ಷದಿಂದ ಯಶವಂತಪುರದ ಸುತ್ತಮುತ್ತ ಒಂದೇ ಒಂದು ಹೊಸ ಹಕ್ಕಿಯೂ ಹಾರಿರಲಿಲ್ಲ.

ಅರವತ್ತಮೂರನೇ ಇಸವಿಯ ನವೆಂಬರಿನಲ್ಲಿ ಮದರಾಸಿನ ಕಡೆ ಬಿರುಗಾಳಿ ಎದ್ದು, ಇಲ್ಲಿಯೂ ಮೂರು ದಿನ ಜಡಿಮಳೆ ಹಿಡಿದು, ಶನಿವಾರ ಬೆಳಗ್ಗೆ ಬಿಸಿಲು ಮುಖ ತೋರಿಸಿತು. ಪುಟ್ಟೇನಹಳ್ಳಿಯಿಂದ ಸೈಕಲ್ಲಿನಲ್ಲಿ ಹಾಲು ತರುತ್ತಿದ್ದ ಲಕ್ಕಣ್ಣ ಆರು ಗಂಟೆಗೇ ಬಾಗಿಲು ತಟ್ಟಿದ.

"ಸ್ವಾಮಿ, ನಮ್ ಕೆರೆಗೆ ಯಾವ್ದೋ ಪಕ್ಸಿ ಬಂದದೆ. ನಿಮ್ಗೆ ಏಳು ಅಂತ ನೀರುಗಂಟಿ ಚಿಕ್ಕಹನುಮಯ್ಯ ಏಳ್ಕಳಿಸವ್ನೆ."

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಚಿಕ್ಕಹನುಮಯ್ಯ ಸೇತುರಾಮನಿಗೆ ಹಳೆಯ ಪರಿಚಯ. ದಿನವಿಡೀ ಏರಿಯ ಮೇಲೆಯೇ ಇರುವವನು, ಸುಮ್ಮಸುಮ್ಮನೆ ಹೇಳಿ ಕಳಿಸುವ ಪೈಕಿಯಲ್ಲ.

"ಹೇಗಿದೆಯಂತಪ್ಪ?"

"ಕರ್ರಗದೆ. ರೆಕ್ಕೆ ಬಿಚ್ಚಿದ್ರೆ ಗಾಡಿ ನೊಗದಷ್ಟು ಉದ್ದ. ಬಾಲ ದರ್ಜಿ ಕತ್ರಿ ಇದ್ದಂಗದೆ. ನೀರಿಗೆ ಮಾತ್ರ ಇಳ್ಯಾಕಿಲ್ಲ. ಬೆಳ್ಳಕ್ಕಿ ಮೀನು ಇಡ್ಕಂಡ್ರೆ ಅಟ್ಟಾಡಿಸ್ಕೊಂಡೋಗಿ ಬಾಯಿಂದ ಕಿತ್ಕಂತದೆ. ಥೇಟ್ ನಮ್ ಶಾನುಬೋಗ್ರು!"

ಸೇತುರಾಮನ ಕೈಯಲ್ಲಿದ್ದ ಪಾತ್ರೆ ವಾಲಿ, ಹಾಲು ಹೊಸ್ತಿಲ ಪಾಲಾಯಿತು. ಕಪ್ಪು ಬಣ್ಣ, ಸೀಳು ಬಾಲ, ಕಡಲಲ್ಲಿದ್ದೂ ನೀರು ಮುಟ್ಟದ, ದುಡಿಯದೆ ದೋಚಿ ತಿನ್ನುವ ಹಕ್ಕಿ: ಫ್ರಿಗೇಟ್! ಇಂಗ್ಲಿಷ್ ಪುಸ್ತಕದಲ್ಲಿ ಅದರ ಚಿತ್ರವಿದ್ದ ಪುಟ ಇವನ ಹೆಬ್ಬೆರಳಿನ ಎಣ್ಣೆ ಕುಡಿದು ಹಳದಿಯಾಗಿತ್ತು. ಇನ್ನೂರು ಮೈಲಿ ದೂರದ ಸಮುದ್ರ ಬಿಟ್ಟು, ಗಾಳಿಗೆ ಸಿಕ್ಕಿ, ಪುಟ್ಟೇನಹಳ್ಳಿಗೆ ಬಂದಿದೆ. ಇವತ್ತೋ ನಾಳೆಯೋ ವಾಪಸ್ಸು ಹೊರಡುತ್ತದೆ. ಇನ್ನು ಹತ್ತು ಜನ್ಮ ಕಾದರೂ ಬಾರದು.

ಅವನು ಗಡಿಬಿಡಿಯಲ್ಲಿ ಅಂಗಿಗೆ ತಲೆ ತೂರಿಸುತ್ತಿದ್ದಾಗ ಕೃಷ್ಣವೇಣಿ ಬಾಗಿಲಿಗೊರಗಿ ನಿಂತಿದ್ದಳು. "ಇವ್ರು ಬರೋದು ಯಾವತ್ತೋ, ನೋಡ್ಕೊಂಡಾದ್ರೂ ಬಾ ಅಂತ ಸಮುದ್ರಾನೇ ಹಕ್ಕೀನ ಕಳಿಸಿದೆ. ಹೋಗಿ, ನಾನೂ ಕೇಳ್ದೆ ಅಂತ ಹೇಳಿ" ಎಂದಳು.

ಬುದ್ಧಿ ನೆಟ್ಟಗಿರುವ ಯಾರಾದರೂ ಆಗಲೇ ಯಲಹಂಕದ ಬಸ್ಸು ಹತ್ತಿ, ಎಂಟು ಗಂಟೆಗೆ ಕೆರೆ ಏರಿಯ ಮೇಲಿರುತ್ತಿದ್ದರು. ಸೇತುರಾಮನಿಗೆ ಬುದ್ಧಿಯ ಜೊತೆ ಹದಿನಾಲ್ಕನೇ ನಿಯಮವೂ ಇತ್ತಲ್ಲ! ಒಬ್ಬನೇ ನೋಡಿದರೆ ಅದು ನೋಡಿದ ಲೆಕ್ಕಕ್ಕಿಲ್ಲ. ಇನ್ನಿಬ್ಬರು ಬೇಕು. ಕೈಚೀಲಕ್ಕೆ ದಾಖಲೆ ಪುಸ್ತಕ, ನಿಯಮಾವಳಿ, ನಮೂನೆಗಳ ಕಟ್ಟು, ಶಾಯಿ ಪೆನ್ನು, ಒತ್ತು ಕಾಗದ, ಹೆಬ್ಬೆಟ್ಟು ಒತ್ತುವ ಮಸಿ ಡಬ್ಬಿ ಎಲ್ಲ ತುಂಬಿಕೊಂಡು, ಮೊದಲು ಗಡಿಯಾರ ರಿಪೇರಿಯ ಮುಜಫ್ಫರನ ಅಂಗಡಿಗೆ ಓಡಿದ. ಮಂಡಳಿಯಲ್ಲಿ ನಿಜವಾಗಿ ಹಕ್ಕಿ ನೋಡುತ್ತಿದ್ದವನೆಂದರೆ ಅವನೊಬ್ಬನೇ. ಅಂಗಡಿಗೆ ಬೀಗ. ಯಾರದೋ ಮದುವೆಗೆ ತುಮಕೂರಿಗೆ ಹೋಗಿದ್ದಾನೆ ಎಂದರು ಪಕ್ಕದವರು. ಮದುವೆಯಂತೆ ಮದುವೆ, ಇವತ್ತೇ ಆಗಬೇಕಿತ್ತೇ! ಕೇಸರಿಭಾತಿನ ನಾಲ್ವರು ಕೆರೆಯವರೆಗೆ ಬರುವ ಪೈಕಿಯಲ್ಲ. ಶಪಿಸುತ್ತಾ ಅಧ್ಯಕ್ಷರ ಮನೆಗೆ ಬಂದ.

ಕೃಷ್ಣಯ್ಯನವರು ಮೈತುಂಬ ಹರಳೆಣ್ಣೆ ಬಳಿದುಕೊಂಡು ಹಿತ್ತಿಲಲ್ಲಿ ಕೂತಿದ್ದರು. ಶನಿವಾರ, ಅಭ್ಯಂಜನದ ದಿನ. ಎಣ್ಣೆ ಇಳಿಯಬೇಕು, ಹಂಡೆ ಕಾಯಬೇಕು, ಸೀಗೆಪುಡಿ ತಿಕ್ಕಬೇಕು. ಸ್ನಾನವಾಗಿ, ಪೂಜೆಯಾಗಿ, ಉಪ್ಪಿಟ್ಟಾಗಿ ಅವರು ಹೊರಬರುವ ಹೊತ್ತಿಗೆ ಒಂಬತ್ತು ಹೊಡೆಯಿತು. ಒಂಬತ್ತಕ್ಕೆ ರಾಹುಕಾಲ ಶುರುವಾಯಿತು.

"ಹತ್ತೂವರೆಗೆ ಹೊರಡೋಣ ಕೂತ್ಕೊಳ್ರೀ" ಎಂದರು.

"ಸಾರ್, ಅಷ್ಟರಲ್ಲಿ ಹಕ್ಕಿ ಹೊರಟುಬಿಟ್ರೆ?"

"ಅಷ್ಟು ದೂರ ಹೋಗ್ಬೇಕಾಗಿರೋದು ರಾಹುಕಾಲದಲ್ಲಿ ಹೊರಡುತ್ತೇನ್ರೀ? ಪಕ್ಷಿಗಳಿಗೆ ಅದೆಲ್ಲ ಗೊತ್ತಾಗುತ್ತೆ."

ಎದುರು ಮಾತಾಡುವ ಹಾಗಿರಲಿಲ್ಲ. ಇರುವ ಒಬ್ಬ ಸಾಕ್ಷಿಯನ್ನೂ ಕಳೆದುಕೊಂಡರೆ ಗತಿಯೇನು? ಸೇತುರಾಮ ಬೆಂಚಿನ ಮೇಲೆ ಕೂತು, ರಾಹುವಿನ ವಂಶವನ್ನು ಮನಸ್ಸಿನಲ್ಲೇ ಉದ್ಧಾರ ಮಾಡಿದ.

ಹತ್ತೂವರೆಗೆ ಕಾರಿನ ಹ್ಯಾಂಡಲ್ ತಿರುಗಿಸುವ ಸೇವೆ ಕಾರ್ಯದರ್ಶಿಗೆ ಬಂತು. ರಟ್ಟೆ ಬಿದ್ದುಹೋಗುವಷ್ಟು ತಿರುಗಿಸಿದ ಮೇಲೆ ಮಾರಿಸ್ ಕೆಮ್ಮಿ ಎದ್ದಿತು. ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ತನ್ನ ಅಷ್ಟೂ ಡಬ್ಬಗಳನ್ನು ತೋರಿಸಿ ಹೋಯಿತು. ಮತ್ತಿಕೆರೆ ದಾಟಿ ಹೆಬ್ಬಾಳಕ್ಕೆ ಬಂದರೆ, ಅಲ್ಲಿಯ ಕೆರೆ ಕಂಡೊಡನೆ ಕೃಷ್ಣಯ್ಯನವರು ಬ್ರೇಕು ಒತ್ತಿದರು. ಅಧ್ಯಕ್ಷರಾದವರು ಕೆರೆಯೊಂದರ ಮುಂದೆ ಹಾಗೇ ಹೋಗುವುದುಂಟೇ? ದುರ್ಬೀನು ಹಿಡಿದು, ನೀರಿನಲ್ಲಿ ತೇಲುತ್ತಿದ್ದ ನಾಮದ ಕೋಳಿಗಳನ್ನು ಎಣಿಸಿದರು. ಎಣಿಕೆ ತೊಂಬತ್ತರ ಹತ್ತಿರ ಬಂದಾಗ ಕೋಳಿಗಳು ಜಾಗ ಬದಲಾಯಿಸಿದವು. ಮತ್ತೆ ಮೊದಲಿನಿಂದ ಎಣಿಸಿದರು. ಸೇತುರಾಮನಿಗೆ ಅವರನ್ನು ಅಲ್ಲೇ ನಾಮದ ಕೋಳಿಗಳ ಜೊತೆ ನೀರಿಗೆ ತಳ್ಳಿಬಿಡುವಷ್ಟು ಸಿಟ್ಟು ಬಂತು. "ನೂರಾ ಹನ್ನೆರಡು, ಬರ್ಕೊಳ್ರೀ" ಎಂದರು. ಬರೆದುಕೊಂಡ.

ಪುಟ್ಟೇನಹಳ್ಳಿ ಕೆರೆ ಏರಿ ಹತ್ತಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಕೆರೆ ತುಂಬಿ ತುಳುಕುತ್ತಿತ್ತು. ಚಿಕ್ಕಹನುಮಯ್ಯ ತೂಬಿನ ಕಲ್ಲಿಗೆ ಒರಗಿ ಬೀಡಿ ಸೇದುತ್ತಿದ್ದ.

"ಎಲ್ಲಿ? ಎಲ್ಲಿ?" ಎಂದು ಸೇತುರಾಮ ದೂರದಿಂದಲೇ ಕೂಗಿದ.

"ಈಗ್ತಾನೆ ಇತ್ತು ಸ್ವಾಮಿ. ಅಟ್ಟೂರ್ ಕೆರೆ ಕಡೀಕೋಯ್ತು. ಬತ್ತದೆ ಬಿಡಿ, ಬೆಳ್ಳಕ್ಕಿ ಇಲ್ಲಿ ಮೀನಿಗೆ ಇಳ್ಯೋ ವತ್ತು. ಅದ್ಕೂ ಒಟ್ಟೆ ಅಂತ ಐತಲ್ಲ."

ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ತಾನು ಒಬ್ಬ, ಕೃಷ್ಣಯ್ಯನವರು ಸೇರಿ ಇಬ್ಬರು, ಮೂರನೆಯವರು ಯಾರು? ಸೇತುರಾಮ ಅತ್ತ ಇತ್ತ ನೋಡಿದ. ಮನುಷ್ಯಮಾತ್ರದವನು ಅಂದರೆ ಬೀಡಿ ಸೇದುತ್ತಿದ್ದ ಚಿಕ್ಕಹನುಮಯ್ಯನೊಬ್ಬನೇ. ಭಲೇ! ಸದಸ್ಯ ಇಲ್ಲದಿದ್ದರೆ ಮಾಡಿಕೊಂಡರಾಯಿತು. ಅದಕ್ಕೇ ಅಲ್ಲವೇ ನಮೂನೆ ಇರುವುದು?

"ಚಿಕ್ಕಹನುಮಯ್ಯ, ನಿನ್ನನ್ನ ನಮ್ಮ ಮಂಡಳಿಗೆ ಸೇರಿಸ್ಕೋತೀವಪ್ಪ."

"ಏನ್ ಕ್ಯಾಮೆ ಇರ್ತದೆ ಸ್ವಾಮಿ?"

"ಹಕ್ಕಿ ನೋಡೋದು."

"ಅಷ್ಟೇಯಾ? ದಿನಾ ನೋಡ್ತಾನೇ ಇವ್ನಿ. ಅದ್ಕೂ ಕಾಗ್ದ ಬೇಕಾ?"

ಕೃಷ್ಣಯ್ಯನವರಿಗೂ ಅದೇ ಅನ್ನಿಸಿತು. "ಆಮೇಲ್ ಬರ್ಕೊಳ್ರೀ, ಹಕ್ಕಿ ಬರೋ ಹೊತ್ತು."

"ಅದು ಹೇಗಾಗುತ್ತೆ ಸಾರ್? ಸದಸ್ಯನಾದ ಮೇಲೆ ನೋಡ್ಬೇಕು. ನೋಡಿದ ಮೇಲೆ ಸದಸ್ಯನಾದ್ರೆ ಊರ್ಜಿತ ಆಗೋಲ್ಲ." ಇಪ್ಪತ್ತನಾಲ್ಕು ವರ್ಷ ಗುಮಾಸ್ತೆಗಿರಿ ಮಾಡಿದ ನಾಲಿಗೆ ಅದು, ಕ್ಷಣವೂ ತಡವರಿಸಲಿಲ್ಲ. ಸೇತುರಾಮ ಏರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ದಾಖಲೆ ಪುಸ್ತಕವನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ನಮೂನೆ ಹರಡಿದ. ಹನ್ನೊಂದು ಕಲಮುಗಳು. ಅದನ್ನು ತಯಾರಿಸಿದವನೂ ಇವನೇ, ಒಂದೂ ಖಾಲಿ ಬಿಡುವಂತಿಲ್ಲ.

ಹೆಸರು ಸುಲಭವಾಗಿ ಆಯಿತು. ತಂದೆಯ ಹೆಸರು ಚಿಕ್ಕಬೈರಪ್ಪ. ವಯಸ್ಸು ಎಂದಾಗ, "ಪಿಳೇಗು ಬಂದಾಗ ನಮ್ಮವ್ವ ಬಸ್ರಿ" ಎಂದ ಚಿಕ್ಕಹನುಮಯ್ಯ. ಯಾವ ಪ್ಲೇಗು? ಮೊದಲನೆಯದೋ ಆಮೇಲಿನದೋ? "ಊರ್ ಬಿಟ್ಟು ತೋಪ್ನಾಗೆ ಗುಡ್ಲು ಆಕಿದ್ರಂತಲ್ಲ, ಅದು." ಎಲ್ಲ ಪ್ಲೇಗಿನಲ್ಲೂ ಗುಡಿಸಲು ಹಾಕಿದ್ದರು. ಸೇತುರಾಮ ಒತ್ತು ಕಾಗದದ ಮೇಲೆ ಕಳೆಯುವ ಲೆಕ್ಕ ಮಾಡಿ ಅರವತ್ತೈದು ಎಂದು ಬರೆದ. ಖಾಯಂ ವಿಳಾಸ ಕೇಳಿದರೆ, ಕೆರೆ ಏರಿ. ಗುರುತಿನ ಮಚ್ಚೆ ಕೇಳಿದರೆ ಅವನು ಪಂಚೆ ಎತ್ತಲು ಹೋದ. ಬೇಡ ಎಂದು ತಡೆದದ್ದಾಯಿತು. ಅಷ್ಟರಲ್ಲಿ ಚಿಕ್ಕಹನುಮಯ್ಯನ ಹೆಂಡತಿ ಲಕ್ಕಮ್ಮ ತಲೆಯ ಮೇಲೆ ಹಿಟ್ಟಿನ ಕುಕ್ಕೆ ಹೊತ್ತು ಬಂದು, ಗಂಡ ಯಾವ ಕೋರ್ಟಿಗೆ ಸಿಕ್ಕಿಕೊಂಡನೋ ಎಂದು ಗಾಬರಿಯಿಂದ ನಿಂತಳು.

ಹನ್ನೊಂದನೇ ಕಲಮು: 'ಪಕ್ಷಿವೀಕ್ಷಣೆಯಲ್ಲಿ ಆಸಕ್ತಿ ಉಂಟಾದ ಬಗೆ.'

"ಅಂಗಂದ್ರೆ?" ಎಂದ ಚಿಕ್ಕಹನುಮಯ್ಯ.

"ಅಯ್ಯಯ್ಯೋ! ಸೇತುರಾಮ್! ಮೇಲ್ ನೋಡ್ರೀ, ಮೇಲೆ!"

ಅದು ಕೃಷ್ಣಯ್ಯನವರ ಗಂಟಲು. ಅರವತ್ತೆಂಟು ವರ್ಷದ ಆ ಗಂಟಲಿನಿಂದ ಅಂಥ ಕೂಗು ಹೊರಟದ್ದನ್ನು ಸೇತುರಾಮ ಯಾವತ್ತೂ ಕೇಳಿರಲಿಲ್ಲ. ಕತ್ತು ತನ್ನಷ್ಟಕ್ಕೆ ತಾನೇ ಮೇಲೇಳತೊಡಗಿತು. ಆದರೆ ಕೈ ಬಿಡಲಿಲ್ಲ. ಹಕ್ಕಿ ಬಂದುಬಿಟ್ಟಿದೆ, ಚಿಕ್ಕಹನುಮಯ್ಯ ಇನ್ನೂ ಸದಸ್ಯನಾಗಿಲ್ಲ! ಈ ಕ್ಷಣ ಹೆಬ್ಬೆಟ್ಟು ಬೀಳದಿದ್ದರೆ ಎಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

"ಒಂದ್ನಿಮಿಷ ಸಾರ್, ಹನ್ನೊಂದನೇ ಕಲಮು!" ಎಂದು ಕೂಗಿ, 'ಹುಟ್ಟಿನಿಂದ' ಎಂದು ಗೀಚಿದ. ಚಿಕ್ಕಹನುಮಯ್ಯ ಬಾಯಿ ತೆರೆದು ಆಕಾಶ ನೋಡುತ್ತಿದ್ದ. ಅವನ ಎಡಗೈಯನ್ನು ಎಳೆದು, ಹೆಬ್ಬೆರಳನ್ನು ಮಸಿಗೆ ಅದ್ದಿ, ಕಾಗದಕ್ಕೆ ಒತ್ತಿದ. ಶಾಯಿ ಹರಡದಂತೆ ಒತ್ತು ಕಾಗದ ಇಟ್ಟ. ತಾರೀಖು ಹಾಕಿದ. ವೇಳೆ, ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷ. ಕಾರ್ಯದರ್ಶಿಯ ರುಜು. ರುಜುವಿನ ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಚುಕ್ಕಿ. ಎಲ್ಲ ಸಾಂಗವಾಗಿ ಮುಗಿಸಿ, ಗೆದ್ದವನಂತೆ ತಲೆಯೆತ್ತಿದ.

ಆಕಾಶ ಬಹಳ ಚೆನ್ನಾಗಿತ್ತು. ಮಳೆ ತೊಳೆದ ನೀಲಿ, ಅಲ್ಲಲ್ಲಿ ಬಿಳಿಯ ಮೋಡ. ಬೇರೇನೂ ಇರಲಿಲ್ಲ.

"ಎಲ್ಲಿ ಸಾರ್?"

ಕೃಷ್ಣಯ್ಯನವರು ದುರ್ಬೀನು ಇಳಿಸಿದರು. ಅವರ ಕಣ್ಣಲ್ಲಿ ನೀರಿತ್ತು. "ಹೋಯ್ತಲ್ರೀ! ಸೀದಾ ಮೂಡ್ಲಾಗಿ ಹೋಯ್ತು. ಎಂಥ ಹಕ್ಕಿ ಕಣ್ರೀ ಅದು! ರೆಕ್ಕೆ ಬಡೀಲೇ ಇಲ್ಲ. ಸುಮ್ಮನೆ ಹೀಗೆ... ನೀವ್ ನೋಡ್ಲಿಲ್ವೇ?"

ಕಾದರು. ಕೃಷ್ಣಯ್ಯನವರು ಕಾರಿನಲ್ಲಿದ್ದ ಡಬ್ಬಿ ತೆರೆದು ಮೊಸರನ್ನ ಮುಗಿಸಿದರು, ಒಂದು ನಿದ್ದೆಯನ್ನೂ ಮುಗಿಸಿದರು. ಚಿಕ್ಕಹನುಮಯ್ಯ ಮುದ್ದೆ ಉಂಡು, ತೂಬು ಎತ್ತಿ, ಒಂದು ಸರದಿ ನೀರು ಬಿಟ್ಟು ಬಂದ. ಸೇತುರಾಮ ಕಣ್ಣು ಕೀಳದೆ ಮೂಡಲ ದಿಕ್ಕನ್ನು ನೋಡುತ್ತಾ ನಿಂತ. ಬೆಳ್ಳಕ್ಕಿಗಳು ಯಾರ ಕಾಟವೂ ಇಲ್ಲದೆ ಹೊಟ್ಟೆ ತುಂಬ ಮೀನು ತಿಂದವು. ಗಂಟೆ ನಾಲ್ಕಾಯಿತು.

"ಬಿಡ್ರೀ, ಇನ್ನು ಬರೋಲ್ಲ" ಎಂದರು ಕೃಷ್ಣಯ್ಯನವರು. ಆಮೇಲೆ ಸೇತುರಾಮನ ಮುಖ ನೋಡಿ ಅವರಿಗೂ ಕನಿಕರ ಹುಟ್ಟಿತು. "ನಿಮ್ ಹೆಸರೂ ಸೇರಿಸ್ಕೊಳಿ. ಇಲ್ಲೇ ಇದ್ರಲ್ಲ. ಅದು ನಿಮ್ಮ ತಲೆ ಮೇಲೇ ಹೋಯ್ತು. ಎರಡೇ ಹೆಸರು ಅಂದ್ರೆ ಹೇಗೂ ದಾಖಲೆ ಆಗೋಲ್ಲ. ಯಾರ್ ಕೇಳ್ತಾರೆ?"

ಸೇತುರಾಮನಿಗೆ ಅದು ಸುಳ್ಳು ಎಂದು ಗೊತ್ತು. ಆದರೆ ಸುದ್ದಿ ತರಿಸಿದವನು ಯಾರು? ಹ್ಯಾಂಡಲ್ ತಿರುಗಿಸಿದವನು ಯಾರು? ಒಂಬತ್ತು ವರ್ಷ ಬರೆದವನು ಯಾರು? ಪುಸ್ತಕ ತೆರೆದು ಇಪ್ಪತ್ತನಾಲ್ಕನೇ ಹಕ್ಕಿಯ ಮುಂದೆ ಬರೆದ: ಕಂಡವರು, ಸೇತುರಾಮ, ಕೃಷ್ಣಯ್ಯ, ಚಿಕ್ಕಹನುಮಯ್ಯ. ತನ್ನ ಹೆಸರು ಅಲ್ಲಿ ಎಷ್ಟು ಚೆನ್ನಾಗಿ ಕಂಡಿತೆಂದರೆ ಒತ್ತು ಕಾಗದ ಇಡುವುದನ್ನೂ ಮರೆತ. ಕೃಷ್ಣಯ್ಯನವರು ರುಜು ಹಾಕಿದರು. ಚಿಕ್ಕಹನುಮಯ್ಯನ ಮುಂದೆ ಮಸಿ ಡಬ್ಬಿ ಹಿಡಿದ.

"ಏನ್ ಬರ್ದಿದ್ದೀರಿ ಸ್ವಾಮಿ? ವಸಿ ಓದಿ."

ಓದಿದ. ಚಿಕ್ಕಹನುಮಯ್ಯ ಹೆಬ್ಬೆರಳನ್ನು ಬೆನ್ನ ಹಿಂದೆ ಮಡಗಿಕೊಂಡ.

"ತಪ್ಪು ತಿಳ್ಕಬ್ಯಾಡಿ. ನೀರು ಬಿಡ್ದೆ ಬಿಟ್ಟೆ ಅಂತ ನಾನೊಂದಿನ ಅಂದ್ರೆ, ಊರ್ನಾಗೆ ನನ್ನ ತೂಬಿನ ತಾವ್ಕೆ ಸೇರ್ಸಾಕಿಲ್ಲ. ನೀವು ನೋಡ್ಲಿಲ್ಲ. ನೋಡುದ್ರು ಅಂತ ಎಂಗೆ ಎಬ್ಬೆಟ್ಟು ಒತ್ತಾನ?"

ಸದಸ್ಯನಾಗಿ ನಾಲ್ಕು ಗಂಟೆಯೂ ಆಗಿರಲಿಲ್ಲ! ಒಂಬತ್ತು ವರ್ಷದಲ್ಲಿ ಮಂಡಳಿಗೆ ಸಿಕ್ಕ ಒಬ್ಬನೇ ಪ್ರಾಮಾಣಿಕ ಸದಸ್ಯನನ್ನು ಸೇತುರಾಮ ತನ್ನ ಕೈಯಾರೆ ಸೇರಿಸಿಕೊಂಡಿದ್ದ.

"ಮೂರ್ ಜನ ಬೇಕೂಂದ್ರೆ ನನ್ನೆಂಡ್ರು ನೋಡವ್ಳಲ್ಲ" ಎಂದ ಚಿಕ್ಕಹನುಮಯ್ಯ, ಉಪಕಾರ ಮಾಡುವವನಂತೆ. "ಅವ್ಳನ್ನ ಬರ್ಕಳ್ಳಿ."

"ಆಗೋಲ್ಲ!" ಸೇತುರಾಮ ಎಗರಿಬಿದ್ದ. "ನೋಡಿದಾಗ ಆಕೆ ಸದಸ್ಯೆ ಆಗಿರ್ಲಿಲ್ಲ."

"ಹಾಗಂತ ಎಲ್ಲಿದೆ?" ಎಂದರು ಕೃಷ್ಣಯ್ಯನವರು. ದಾಖಲೆ ಕೈ ತಪ್ಪುವುದು ಅವರಿಗೂ ಬೇಕಿರಲಿಲ್ಲ. "ಓದ್ರೀ ನಿಯಮ."

ಸೇತುರಾಮ ನಿಯಮಾವಳಿ ತೆಗೆದು ಓದಿದ. ಮಂಡಳಿಯ ಮೂವರು ಸದಸ್ಯರು, ಒಂದೇ ವೇಳೆ, ಒಂದೇ ಸ್ಥಳದಲ್ಲಿ.

"ದಾಖಲೆ ಮಾಡೋ ಹೊತ್ತಿಗೆ ಸದಸ್ಯರಾಗಿದ್ರೆ ಸಾಕು. ನೋಡೋಕ್ ಮುಂಚೇನೇ ಆಗಿರ್ಬೇಕು ಅಂತ ಒಂದಕ್ಷರ ಇಲ್ವಲ್ಲ! ಬರೆದೋರು ನೀವೇ ತಾನೇ?"

ಇನ್ನೊಮ್ಮೆ ಓದಿದ. ಮತ್ತೊಮ್ಮೆ, ಬೆರಳಿಟ್ಟು ಓದಿದ. ಇರಲಿಲ್ಲ. ಅಂದರೆ ಚಿಕ್ಕಹನುಮಯ್ಯನ ನಮೂನೆಯನ್ನು ಹಕ್ಕಿ ಹೋದ ಮೇಲೆ ತುಂಬಿದ್ದರೂ ಆಗುತ್ತಿತ್ತು. ಸಂಜೆ ತುಂಬಿದ್ದರೂ ಆಗುತ್ತಿತ್ತು. ಸಾವಕಾಶವಾಗಿ ತಲೆಯೆತ್ತಿ, ಕಣ್ಣು ತುಂಬ ನೋಡಿ, ಮೊಸರನ್ನ ತಿಂದು, ಆಮೇಲೆ ಪ್ಲೇಗಿನ ಲೆಕ್ಕ ಹಾಕಿದ್ದರೂ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ಬೇರೆ ಯಾರ ಮೇಲಾದರೂ ಹೊರಿಸೋಣವೆಂದರೆ, ರಾಹುವಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಸೇತುರಾಮ ತನ್ನ ಹೆಸರಿನ ಮೇಲೆ ಒಂದೇ ನೇರ ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ರುಜು ಹಾಕಿದ. ಇನ್ನೊಂದು ನಮೂನೆ ತೆಗೆದು, ಖಾಲಿ ಕುಕ್ಕೆ ಇಟ್ಟುಕೊಂಡು ಇನ್ನೂ ಅಲ್ಲೇ ಇದ್ದ ಲಕ್ಕಮ್ಮನ ಮುಂದೆ ಕೂತ. ಹೆಸರು, ಗಂಡನ ಹೆಸರು, ವಯಸ್ಸು, ಎಲ್ಲ ಬರೆದುಕೊಂಡು ಹನ್ನೊಂದನೇ ಕಲಮಿಗೆ ಬಂದಾಗ ಅವನಿಂದ ತಡೆಯಲಾಗಲಿಲ್ಲ. ಕಲಮಿನಲ್ಲಿ ಇಲ್ಲದ್ದನ್ನು ಕೇಳಿದ.

"ಹೇಗಿತ್ತಮ್ಮ ಅದು?"

"ನಿಮ್ಗೆ ಗೊತ್ತಿಲ್ವಾ?" ಲಕ್ಕಮ್ಮನಿಗೆ ಆಶ್ಚರ್ಯ. "ನಿಮ್ ನೆತ್ತಿ ಮ್ಯಾಲೇ ಬಂದು ನಿಂತಿತ್ತಲ್ಲ ಸ್ವಾಮಿ. ಅದ್ರ ನೆಳ್ಳು ನಿಮ್ ಕಾಗ್ದದ ಮ್ಯಾಲೇ ಬಿದ್ದಿತ್ತು. ಕತ್ಲಾತದೆ ಅಂತ ನೀವು ಕಾಗ್ದಾನ ಬಿಸ್ಲಿಗೆ ಎಳ್ಕೊಂಡ್ರಿ."

ಸೇತುರಾಮನ ಕೈಯಲ್ಲಿ ಪೆನ್ನು ನಿಂತಿತು. ದುಃಖ ಉಮ್ಮಳಿಸಿ ಬಂದು, ಅಧ್ಯಕ್ಷರು ಪಕ್ಕದಲ್ಲಿದ್ದಾರೆಂಬುದನ್ನೂ ಮರೆತ.

"ನನ್ನಂಥ ಮುಠ್ಠಾಳ ಈ ಭೂಮಿ ಮೇಲೆ ಇನ್ನೊಬ್ಬನಿಲ್ಲ ಕಣಮ್ಮ" ಎಂದ.

ಲಕ್ಕಮ್ಮ ಕಾಗದದ ಕಡೆ ಬಗ್ಗಿ ನೋಡಿದಳು. "ಅದ್ನೂ ಬರ್ಕಬೇಕಾ ಸ್ವಾಮಿ?" ಎಂದು ಕೇಳಿದಳು.